ಎಷ್ಟನೇ ಗ್ರೇಡು ಎಂದು ಕೇಳುವವರಿಗೆ

ಮಕ್ಕಳ ಪಿಯಾನೊ ಕಾರ್ಯಕ್ರಮ ನೋಡಿ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, ಚೆನ್ನಾಗಿ ನುಡಿಸುತ್ತಿದ್ದವನು ನಡುವೆ ನಿಂತುಬಿಟ್ಟ. ಮರೆತುಹೋಯಿತು. ಅವನ ಟೀಚರ್ ಮುಂದಿನ ಸಾಲಿನಲ್ಲೇ ಇದ್ದರು. ಎದ್ದು ಓಡಲಿಲ್ಲ, ಸನ್ನೆ ಮಾಡಲಿಲ್ಲ, ಸುಮ್ನೆ ಕೂತಿದ್ದರು. ಹುಡುಗ ಒಂದು ಸಲ ಉಸಿರು ಎಳೆದುಕೊಂಡ. ನಾಲ್ಕು ಬಾರ್ (ನೊಟೇಶನ್ನಿನಲ್ಲಿ ಗೆರೆ ಹಾಕಿ ಬೇರ್ಪಡಿಸಿದ ತುಣುಕು) ಹಿಂದಿನಿಂದ ಎತ್ತಿಕೊಂಡು ಕೊನೆಯವರೆಗೂ ನುಡಿಸಿ ಎದ್ದ. ಮೊದಲಿನಿಂದ ಶುರು ಮಾಡಲಿಲ್ಲ. ಅಳಲೂ ಇಲ್ಲ.

ಪಕ್ಕದ ಸೀಟಿನ ಮಹಾನುಭಾವರು ಪಿಯಾನೊ ಪರೀಕ್ಷೆಯ ಹಂತಗಳನ್ನು, ಅಂದರೆ ಗ್ರೇಡುಗಳನ್ನು, ಎಣಿಸುತ್ತಾ ಹೆಂಡತಿಗೆ ಹೇಳಿದರು: “ಅವನಿನ್ನೂ ಎರಡನೇ ಗ್ರೇಡಂತೆ ಕಣೇ. ಬೇರೆ ಕಡೆ ಆಗಿದ್ರೆ ನಮ್ಮವಳು ಇಷ್ಟೊತ್ತಿಗೆ ನಾಲ್ಕು ಮುಗಿಸಿರೋಳು. ಈ ಟೀಚರ್ ಬೇಡ, ಬೇರೆ ನೋಡೋಣ.”

ಅಯ್ಯೋ ಸ್ವಾಮಿ, ನೀವು ನೋಡಿದ್ದಾದರೂ ಏನನ್ನು?

ಬಾಯಿಪಾಠವಾದ ಪೀಸ್ ಬೆರಳಲ್ಲಿ ಕೂತಿರುತ್ತದೆ. ಒಂದು ಬೆರಳಿನ ಚಲನೆ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ನಡುವೆ ತುಂಡಾದರೆ ಮುಗಿಯಿತು, ಮತ್ತೆ ಮೊದಲಿನಿಂದಲೇ ಬರಬೇಕು. ಹಾಗಾಗಬಾರದು ಎಂದರೆ ಟೀಚರ್ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿರಬೇಕು. ಎರಡನೇ ಪುಟದ ನಡುವಿನಿಂದ ಶುರು ಮಾಡು. ಈಗ ಎಡಗೈ ಮಾತ್ರ, ಪುಸ್ತಕ ನೋಡದೆ. ಈಗ ಕೊನೆಯ ಎಂಟು ಬಾರ್. ಮಕ್ಕಳಿಗೆ ಇದು ಮಹಾ ಬೋರು. ಪರೀಕ್ಷೆಯಲ್ಲಿ ಇದಕ್ಕೆಂದು ಪ್ರತ್ಯೇಕ ಅಂಕವೂ ಇಲ್ಲ. ಆ ಹುಡುಗ ಎಡವಿ ಎದ್ದದ್ದೇ ಇವತ್ತಿನ ಕಾರ್ಯಕ್ರಮದಲ್ಲಿ ಟೀಚರ್‌ರ ಅತ್ಯುತ್ತಮ ಕೆಲಸ. ಅದನ್ನೇ ಹಿಡಿದು ಅವರನ್ನು ಬದಲಾಯಿಸಲು ಹೊರಟರು ನೋಡಿ!

ನನ್ನ ಕಥೆ ಹೇಳುತ್ತೇನೆ. ಹೈಸ್ಕೂಲು ಮುಗಿಯುವವರೆಗೆ ಮಿಸ್ ಹತ್ತಿರ ಪಿಯಾನೊ ಕಲಿತೆ. ಆಮೇಲೆ ಲೆಕ್ಕಪತ್ರದ ಕೆಲಸಕ್ಕೆ ಬಿದ್ದೆ. ಈಗ ಮನೆಯಲ್ಲಿ ಪಿಯಾನೊ ಇಲ್ಲ. ಗೋಡೆ ಮೇಲೆ ಸರ್ಟಿಫಿಕೇಟೂ ಇಲ್ಲ. ಆ ಮಹಾನುಭಾವರ ಲೆಕ್ಕದಲ್ಲಿ ನಮ್ಮ ಮಿಸ್ ನನ್ನ ವಿಷಯದಲ್ಲಿ ಪೂರ್ತಿ ಫೇಲ್.

ಆದರೆ ಹೊಸ ಫೈಲು ಕೈಗೆ ಬಂದಾಗ ನಾನು ಮೊದಲು ಕಷ್ಟದ ಜಾಗ ಯಾವುದು ಎಂದು ಹುಡುಕುತ್ತೇನೆ. ಅದನ್ನು ಬೇರೆ ಮಾಡಿಕೊಂಡು ನಿಧಾನವಾಗಿ ನೋಡುತ್ತೇನೆ. ಇದನ್ನು ಯಾವ ಆಫೀಸೂ ಕಲಿಸಲಿಲ್ಲ. ಮಿಸ್ ಪೆನ್ಸಿಲಿನಲ್ಲಿ ಎರಡು ಬಾರ್‌ಗೆ ಸುತ್ತು ಹಾಕಿ, “ಇವತ್ತು ಇಷ್ಟೇ. ತಪ್ಪೇ ಆಗದಷ್ಟು ನಿಧಾನ” ಎನ್ನುತ್ತಿದ್ದರು. ಬಲಗೈ ಬೇರೆ, ಎಡಗೈ ಬೇರೆ, ಆಮೇಲೆ ಎರಡೂ ಸೇರಿಸಿ. ತಪ್ಪು ಬಂದರೆ ತಕ್ಷಣ ತಡೆಯುತ್ತಿರಲಿಲ್ಲ. ಮುಗಿಯುವವರೆಗೆ ಕಾಯುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: “ನಿನಗೇನು ಕೇಳಿಸ್ತು?” ಆ ಪ್ರಶ್ನೆಗೆ ಹೆದರಿ ನಾನು ನನ್ನ ಕೈಯನ್ನು ಕೇಳಿಸಿಕೊಳ್ಳಲು ಶುರು ಮಾಡಿದೆ. ಪೆಡಲ್ ಒತ್ತಿಟ್ಟು ಎಲ್ಲ ಸ್ವರ ಕಲಸಿಹಾಕಿ, ದೊಡ್ಡದಾಗಿ ಕೇಳುತ್ತಿದೆ ಎಂದು ಬೀಗುತ್ತಿದ್ದವಳು ನಾನು.

ಅವರು ನುಡಿಸಿ ತೋರಿಸುತ್ತಿದ್ದದ್ದೂ ಕಡಿಮೆ. “ನಾನು ನುಡಿಸಿದ್ರೆ ನೀನು ನಂದನ್ನೇ ನಕಲು ಮಾಡ್ತೀಯ” ಎನ್ನುತ್ತಿದ್ದರು. ಆಗ ಸೋಮಾರಿತನ ಅನ್ನಿಸುತ್ತಿತ್ತು.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಒಂದು ವರ್ಷ ನಮ್ಮ ಮನೆಯಲ್ಲಿ ದಿನಾ ಜಗಳ. ನಾನು ಪಾಠಕ್ಕೆ ತುಂಬಾ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಮಿಸ್ ಏನೂ ಕೇಳಲಿಲ್ಲ. ಒಳಗೆ ಕರೆದು, ನಾಲ್ಕು ಕೈಯಲ್ಲಿ ನುಡಿಸುವ ಸುಲಭದ ಪುಸ್ತಕ ತೆಗೆದು, ಕೆಳಗಿನ ಸ್ವರಗಳು ನನಗೆ, ಮೇಲಿನವು ನಿನಗೆ ಎಂದರು. ಆ ವರ್ಷ ನಾನು ಏನೂ ‘ಮುಗಿಸಲಿಲ್ಲ’. ಹೊಸ ನೊಟೇಶನ್ ನೋಡಿದ ಕೂಡಲೇ ಓದುವುದು ಬಂದದ್ದು ಮಾತ್ರ ಆ ವರ್ಷವೇ. ಪಕ್ಕದಲ್ಲಿ ಇನ್ನೊಬ್ಬರು ನುಡಿಸುತ್ತಿರುವಾಗ ನಿಲ್ಲುವ ಹಾಗಿಲ್ಲ, ಅಲ್ವಾ? ತಪ್ಪಿದರೂ ಮುಂದಿನ ಬಾರ್‌ನಲ್ಲಿ ಹೋಗಿ ಸೇರಿಕೊಳ್ಳಬೇಕು.

ಈಗ ಕಾಮೆಂಟಿನಲ್ಲಿ ಒಬ್ಬರಾದರೂ ಬರುತ್ತೀರಿ, ಗೊತ್ತು. ಗ್ರೇಡು ಇಲ್ಲದಿದ್ದರೆ ಮಕ್ಕಳು ಪ್ರಾಕ್ಟೀಸ್ ಮಾಡುವುದಿಲ್ಲ, ಫೀಸು ಕೊಡುವವರಿಗೆ ಒಂದು ಅಳತೆ ಬೇಡವೇ ಎಂದು. ಸರಿ, ಬೇಕು. ಪರೀಕ್ಷೆಯೂ ಕೆಟ್ಟದ್ದಲ್ಲ. ಸ್ಕೇಲ್ (ಸ್ವರಗಳನ್ನು ಕ್ರಮವಾಗಿ ಏರಿಸಿ ಇಳಿಸುವುದು), ಸೈಟ್ ರೀಡಿಂಗ್ (ಹೊಸ ನೊಟೇಶನ್ ನೋಡಿದ ಕೂಡಲೇ ನುಡಿಸುವುದು), ಕೇಳಿ ಗುರುತಿಸುವುದು, ಎಲ್ಲ ಬೇಕಾದದ್ದೇ. ಆದರೆ ಶುರುವಿನ ಗ್ರೇಡುಗಳಲ್ಲಿ ಅದು ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ. ಅದಕ್ಕಾಗಿ ವರ್ಷವಿಡೀ ಮೂರೇ ಪೀಸ್ ಉರು ಹೊಡೆಸುವ ಮನೆಗಳನ್ನು ನೋಡಿದ್ದೇನೆ. ಮಗುವಿಗೆ ನಾಲ್ಕನೇ ಪೀಸ್ ಕೊಡಿ, ಬೆಬ್ಬೆಬ್ಬೆ. ಅಳತೆಯಂತೆ ಅಳತೆ!

ಇನ್ನು ಕೆಲವರ ಅಳತೆ ಬೇರೆ. ‘ದೊಡ್ಡ ಕಲಾವಿದರನ್ನು ತಯಾರು ಮಾಡಿದವರೇ ದೊಡ್ಡ ಗುರು.’ ಹಾಗಾದರೆ ಹತ್ತೊಂಬತ್ತನೇ ಶತಮಾನದ ಪಿಯಾನೊ ಸಂಯೋಜಕ ಶೊಪಾನ್ ಎಲ್ಲಿ ಹೋಗಬೇಕು? ಪ್ಯಾರಿಸ್‌ನಲ್ಲಿ ಅವನ ಹೊಟ್ಟೆಪಾಡು ನಡೆದದ್ದು ಹೆಚ್ಚಾಗಿ ಪಾಠದಿಂದ. ಕಲಿಯಲು ಬರುತ್ತಿದ್ದವರಲ್ಲಿ ತುಂಬಾ ಜನ ಸಿರಿವಂತರ ಮನೆಯ ಹೆಣ್ಣುಮಕ್ಕಳು. ಹೆಚ್ಚಿನವರು ವೇದಿಕೆಯ ಕಲಾವಿದರಾಗಲಿಲ್ಲ. ಆದರೆ ಅವನು ಹೇಗೆ ಕಲಿಸುತ್ತಿದ್ದ ಎಂದು ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಶಿಷ್ಯರು ನೆನಪಿಟ್ಟುಕೊಂಡು ಬರೆದದ್ದರಿಂದ. ಎಲ್ಲರೂ ಕರಿ ಕೀ ಇಲ್ಲದ ಸಿ ಮೇಜರ್ ಸ್ಕೇಲ್‌ನಿಂದ ಶುರು ಮಾಡಿಸಿದರೆ ಅವನು ಬಿ ಮೇಜರ್‌ನಿಂದ ಮಾಡಿಸುತ್ತಿದ್ದ. ಅಲ್ಲಿ ಉದ್ದ ಬೆರಳುಗಳು ಕರಿ ಕೀಗಳ ಮೇಲೆ ತಾವಾಗಿಯೇ ಕೂರುತ್ತವೆ. ಪುಸ್ತಕಕ್ಕೆ ಸುಲಭವಾದದ್ದು ಬಿಟ್ಟು ಕೈಗೆ ಸುಲಭವಾದದ್ದನ್ನು ಹಿಡಿದ ಮನುಷ್ಯ.

ಆ ಕಾಲದ ಇನ್ನೊಬ್ಬ ಪಿಯಾನೊ ಗುರು ಚೆರ್ನಿ ಎಂದರೆ ಕಲಿಯುವ ಮಕ್ಕಳು ಮುಖ ಸಿಂಡರಿಸುತ್ತಾರೆ, ಅವನ ಎಕ್ಸರ್‌ಸೈಜ್ ಪುಸ್ತಕಗಳಿಂದಾಗಿ. ನಾನೂ ಸಿಂಡರಿಸಿದ್ದೇನೆ. ಅದೇ ಚೆರ್ನಿ ವಿಯೆನ್ನಾದಲ್ಲಿ ಮುಂದೆ ದೊಡ್ಡ ಪಿಯಾನೊ ವಾದಕನಾದ ಬಾಲಕ ಲಿಸ್ಟ್‌ಗೆ ದುಡ್ಡು ತೆಗೆದುಕೊಳ್ಳದೆ ಪಾಠ ಹೇಳಿದ. ಲಿಸ್ಟ್ ಜಗತ್ಪ್ರಸಿದ್ಧನಾದ ಮೇಲೆ ವೈಮಾರ್‌ನಲ್ಲಿ ಹಿಂಡು ಹಿಂಡಾಗಿ ಬಂದ ಶಿಷ್ಯರಿಂದ ಫೀಸು ಮುಟ್ಟಲಿಲ್ಲ. ತನ್ನ ಅತಿ ಕಷ್ಟದ ಅಭ್ಯಾಸ ಕೃತಿಗಳಾದ ಎಟ್ಯೂಡ್‌ಗಳನ್ನು 1852ರಲ್ಲಿ ಅಚ್ಚು ಹಾಕಿಸುವಾಗ ಹಳೆಯ ಮೇಷ್ಟರಿಗೇ ಅರ್ಪಿಸಿದ. ಬೆರಳಿನ ಚಳಕದ ಜೊತೆ ಈ ನಡತೆಯೂ ಚೆರ್ನಿಯಿಂದಲೇ ಬಂತು ಅಂತ ನಾನು ನಂಬಿದ್ದೇನೆ. ಬೇಕಾದರೆ ಜಗಳಕ್ಕೆ ಬನ್ನಿ.

ಹೊಸ ಟೀಚರ್ ಹುಡುಕುತ್ತಿರುವವರು ಫೋನ್ ಮಾಡಿ ‘ವರ್ಷಕ್ಕೆ ಎಷ್ಟು ಗ್ರೇಡ್ ಮುಗಿಸ್ತೀರಿ’ ಎಂದು ಕೇಳಬೇಡಿ, ದಯವಿಟ್ಟು. ಪಿಯಾನೊ ಬಿಟ್ಟುಹೋದ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿ. ‘ಗೊತ್ತಿಲ್ಲ’ ಎಂದರೆ ಫೋನ್ ಇಡಿ. ಹೇಳಲು ಶುರು ಮಾಡಿದರೆ ಮಾತ್ರ ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ. ಅವರು ಅಷ್ಟು ಬೇಗ ನಿಲ್ಲಿಸುವುದಿಲ್ಲ.