ರ‍್ಯಾಕ್ ಕೂರಿಸಿದರಷ್ಟೇ ಸಾಲದು

'ವೇರಿಯಬಲ್ ರೇಷಿಯೋ ರ‍್ಯಾಕ್ ಕೂರಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಕೆಲಸ ಮುಗಿಯಿತು' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ರ‍್ಯಾಕ್ ಅಂದರೆ ಸ್ಟಿಯರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ಸರಳು; ವೇರಿಯಬಲ್ ರೇಷಿಯೋ ಆದರೆ ಅದರ ನಡುಭಾಗದ ಹಲ್ಲುಗಳೇ ಬೇರೆ, ತುದಿಯವೇ ಬೇರೆ. ಉಡುಪಿಯಲ್ಲಿ ನನ್ನ ಕಾರಿಗೆ ಹೀಗೇ ಮಾಡಿಸಿದ್ದೆ. ಆಗುಂಬೆ ಘಾಟಿಯ ಹೇರ್‌ಪಿನ್‌ಗಳಲ್ಲಿ ನಿಜಕ್ಕೂ ಖುಷಿಯಾಯಿತು. ಸ್ಟಿಯರಿಂಗ್ ಸ್ವಲ್ಪ ತಿರುಗಿಸಿದರೂ ಕಾರು ತಿರುಗುತ್ತಿತ್ತು.

ಆದರೆ ಹೆದ್ದಾರಿ 66ರಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಈ ರ‍್ಯಾಕ್‌ನ ನಡುಭಾಗದ ಹಲ್ಲುಗಳು ನಿಧಾನದವು, ಅಂದರೆ ಅಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ಕಡಿಮೆ ತಿರುಗುತ್ತದೆ; ಹಾಗಾಗಿ ನೇರ ರಸ್ತೆಯಲ್ಲಿ ಕಾರು ಇನ್ನೂ ಸ್ಥಿರವಾಗಿರಬೇಕಿತ್ತು ಅಲ್ವಾ? ತಪ್ಪು ಹಲ್ಲಿನದ್ದಲ್ಲ, ಎತ್ತರದ್ದು. ಹೊಸ ರ‍್ಯಾಕ್ ಹಳೆಯದಕ್ಕಿಂತ ಸುಮಾರು 10 ಮಿ.ಮೀ. ಮೇಲೆ ಕೂತಿತ್ತು. ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಮತ್ತು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಹೊಂದಿಕೊಂಡು ಓಡಾಡದಿದ್ದರೆ, ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಬದಲಾಗುತ್ತದೆ. ಇದೇ ಬಂಪ್ ಸ್ಟಿಯರ್. ನಿಂತ ಕಾರನ್ನು ಅಳೆಯುವ ಅಲೈನ್‌ಮೆಂಟ್ ಮೆಷಿನ್‌ನಲ್ಲಿ ಇದು ಕಾಣುವುದೇ ಇಲ್ಲ.

ಕೊನೆಗೆ ಸ್ಪ್ರಿಂಗ್ ತೆಗೆದು, ಚಕ್ರವನ್ನು ಜ್ಯಾಕ್‌ನಿಂದ ಸ್ವಲ್ಪ ಸ್ವಲ್ಪವೇ ಎತ್ತಿ ಟೋ ಅಳೆದೆವು. ರ‍್ಯಾಕ್ ಕೂರುವ ಮೌಂಟ್ ತಗ್ಗಿಸಿದ ಮೇಲೆ ಸರಿಹೋಯಿತು. ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ, ರ‍್ಯಾಕ್ ಬದಲಾಗಿರುವುದರಿಂದ ಸ್ಟಿಯರಿಂಗ್ ಆಂಗಲ್ ಸೆನ್ಸರ್ ನೋಡಿ ಅದು ಹಾಕುವ ಲೆಕ್ಕವೂ ತಪ್ಪಬಹುದು. ದಯವಿಟ್ಟು ಈ ಅಳತೆಯ ವಿಷಯವನ್ನೂ ಲೇಖನಕ್ಕೆ ಸೇರಿಸಿ. ನಮ್ಮೂರಿನ ಮಳೆಗಾಲದ ರಸ್ತೆಯಲ್ಲಿ ಇದು ಜೀವದ ಪ್ರಶ್ನೆ.