ಎರಡು ನಿಮಿಷದ ಬಿರಾದಾರ

ಮೊನ್ನೆ ಭಾನುವಾರ ಟಿವಿಯಲ್ಲಿ ಒಂದು ಹಳೇ ಸಿನಿಮಾ ಬರುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ದನಿ ಕೇಳಿಯೇ ಹೊರಗೆ ಬಂದಳು. ‘ಏ, ನಮ್ ಬೀದರ್‌ದಂವ ಬಂದಾನ ನೋಡು!’ ವೈಜನಾಥ ಬಿರಾದಾರ. ಭಿಕ್ಷುಕನ ಪಾತ್ರ, ಎರಡೇ ನಿಮಿಷ. ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಅವರ ದೃಶ್ಯ ಮುಗಿದ ಮೇಲೆ ಒಳಗೆ ಹೋದಳು. ಹೀರೋ ಯಾರು ಅಂತಾನೂ ಕೇಳಲಿಲ್ಲ.

ಕಲಬುರಗಿಯ ನಮ್ಮ ಮನೆಯಲ್ಲಿ ಮೊದಲಿಂದಲೂ ಹೀಗೇ. ಕುಡುಕ, ಭಿಕ್ಷುಕ, ಹಸಿದವನು, ಬೈಸಿಕೊಳ್ಳುವವನು. ಬಿರಾದಾರರಿಗೆ ಸಿಕ್ಕಿದ್ದು ಹೆಚ್ಚಾಗಿ ಇಂಥವೇ. ಚಿಕ್ಕವನಿದ್ದಾಗ ಅವರನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಅವರು ಎಂಥ ನಟ ಅಂತ ನನಗೆ ಗೊತ್ತಾಗಿದ್ದು ‘ಕನಸೆಂಬ ಕುದುರೆಯನೇರಿ’ ನೋಡಿದ ದಿನ.

ಗಿರೀಶ ಕಾಸರವಳ್ಳಿಯವರ ಸಿನಿಮಾ ಅದು. ಕಥೆ ನಮ್ಮ ರಾಯಚೂರು ಕಡೆಯ ಅಮರೇಶ ನುಗಡೋಣಿಯವರದು. ಬಿರಾದಾರರು ಅದರಲ್ಲಿ ಇರ್ಯಾ, ಊರಿನಲ್ಲಿ ಹೆಣ ಹೂಳಲು ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಅನ್ನುವ ಸಂತ ಬಂದರೆ ಊರಲ್ಲಿ ಯಾರೋ ತೀರಿಕೊಂಡರು ಅಂತ ಅವನಿಗೆ ಖಾತ್ರಿ. ಒಮ್ಮೆ ಸಿದ್ಧ ಬರುತ್ತಾನೆ. ಆದರೆ ಗೌಡರ ವಾಡೆಯಲ್ಲಿ ಯಾರೂ ಸತ್ತಿಲ್ಲ ಅನ್ನುತ್ತಾರೆ. ಸಾವನ್ನು ಮುಚ್ಚಿಟ್ಟಿರುತ್ತಾರೆ, ಅದು ಅವನಿಗೆ ಗೊತ್ತಿಲ್ಲ. ತನ್ನ ಕನಸೇ ಸುಳ್ಳಾಯಿತಲ್ಲ ಅಂತ ಕುಸಿದು ಹೋಗುತ್ತಾನೆ. ಆಗ ಆ ಮುಖ ನೋಡಬೇಕು. ಹೆಂಡತಿ ರುದ್ರಿಯಾಗಿ ಉಮಾಶ್ರೀ ಇದ್ದಾರೆ, ಎಂಥ ದೊಡ್ಡ ನಟಿ! ಅವರೆದುರು ಈ ಮನುಷ್ಯ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗಲಿಲ್ಲ. ಅವ್ವ ಅವತ್ತು ನಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ಪಾತ್ರಕ್ಕೆ 2011ರಲ್ಲಿ ಸ್ಪೇನ್ ದೇಶದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಬೀದರ್ ಜಿಲ್ಲೆಯ ಹಳ್ಳಿಯ ಮನುಷ್ಯನಿಗೆ! ಮರುದಿನವೇ ಅವರ ಮನೆ ಮುಂದೆ ನಿರ್ದೇಶಕರ ಸಾಲು ನಿಲ್ಲಬೇಕಿತ್ತು, ಅಲ್ವಾ? ಮತ್ತೆ ಅವೇ ಚಿಲ್ಲರೆ ಪಾತ್ರಗಳು. 2023ರಲ್ಲಿ ‘90 ಹೊಡಿ ಮನೀಗ್ ನಡಿ’ ಬಂದಾಗ ಇದು ಅವರ 500ನೇ ಸಿನಿಮಾ, ಅವರೇ ಹೀರೋ ಅಂತ ಪ್ರಚಾರ ಮಾಡಿದರು. ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಐನೂರು ಸಿನಿಮಾ ಆಗುವವರೆಗೆ ಕಾಯಬೇಕಿತ್ತಾ?

ಧಾರಾವಾಹಿಗಳ ಕಥೆಯೂ ಇದೇ. ನಮ್ಮ ಭಾಗದ ಮಾತು ಆಡುವವನು ಹೆಚ್ಚಾಗಿ ಅಡುಗೆಯವನೋ, ವಾಚ್‌ಮನ್ನೋ ಆಗಿರುತ್ತಾನೆ. ಆ ಮನೆಯ ಯಜಮಾನ ಮಾತ್ರ ‘ಹೌದ್ರಿ’ ಅನ್ನುವುದಿಲ್ಲ. ಹಾಗೆ ನೋಡಿದರೆ ಟಿವಿ ನಮಗೆ ಬೆಂಗಳೂರಿಗಿಂತ ಮೊದಲೇ ಬಂದಿತ್ತು. 1975ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಮಾಡಿದಾಗ ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳನ್ನು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಬಂತು. ಬೆಂಗಳೂರಿಗೆ ಬಂದಿದ್ದು 1981ರಲ್ಲಿ. ಅಷ್ಟು ಹಿಂದಿನಿಂದ ನೋಡುತ್ತಾ ಕೂತ ಮಂದಿ ನಾವು. ನಮ್ಮ ಮಾತಿನಲ್ಲಿ ಅಳುವ, ಪ್ರೀತಿಸುವ, ಸಿಟ್ಟಾಗುವ ಒಬ್ಬ ಅಪ್ಪನ ಪಾತ್ರವನ್ನು ಬಿರಾದಾರರಂಥವರಿಗಾಗಿ ಬರೆಯಿರಿ. ಹಾಸ್ಯಕ್ಕಲ್ಲ, ಇಡೀ ಕಥೆಗೆ. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮಲ್ಲಿ ನನ್ನ ಕಳಕಳಿಯ ಕೇಳಿಕೆ ಇದು.

ಇರ್ಯಾನ ಸಿನಿಮಾ ಮತ್ತೆ ಯಾವ ಚಾನೆಲ್‌ನಲ್ಲಾದರೂ ಬಂದರೆ ದಯವಿಟ್ಟು ಇಲ್ಲಿ ತಿಳಿಸಿ. ಅವ್ವ ಭಾನುವಾರದಿಂದ ಕೇಳುತ್ತಿದ್ದಾಳೆ.