ಕೊಕ್ಕು ಕತ್ತರಿಸುವ ಮೊದಲು ನೆಲ ನೋಡಿ

ಪಂಜರವಿಲ್ಲದ ಶೆಡ್ಡಿನಲ್ಲಿ ಮೊಟ್ಟೆ ಕೋಳಿಗಳು ಒಂದರ ಪುಕ್ಕವನ್ನೊಂದು ಕೀಳತೊಡಗಿದರೆ, ‘ಜಗಳಗಂಟಿ ಕೋಳಿಗಳು, ಕೊಕ್ಕು ಕತ್ತರಿಸಿಬಿಡಿ’ ಎಂಬ ಸಲಹೆ ನಮ್ಮ ಶಿಡ್ಲಘಟ್ಟದ ಕಡೆ ತಕ್ಷಣ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಜಗಳದ ಕುಕ್ಕು ಸಾಮಾನ್ಯವಾಗಿ ತಲೆಗೆ, ಜುಟ್ಟಿಗೆ ಬೀಳುತ್ತದೆ. ಪುಕ್ಕ ಕೀಳುವ ಕುಕ್ಕು ಬೆನ್ನಿಗೆ, ಬಾಲದ ಬುಡಕ್ಕೆ ಬೀಳುತ್ತದೆ. ನೆಲ ಕೆದಕಿ ಮೇವು ಹುಡುಕಬೇಕಾದ ಕೊಕ್ಕು ದಾರಿ ತಪ್ಪಿ ಪಕ್ಕದ ಕೋಳಿಯ ಮೈಮೇಲೆ ಹುಡುಕುತ್ತಿರುತ್ತದೆ, ಅಷ್ಟೆ.

ಕಳೆದ ಮಳೆಗಾಲದಲ್ಲಿ ನಮ್ಮ ಶೆಡ್ಡಿನ ನೀರಿನ ಪೈಪು ಸೋರಿ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ರೊಟ್ಟಿಯಂತೆ ಹೆಪ್ಪುಗಟ್ಟಿತ್ತು. ನೆಲದ ಮೇಲೆ ಉದುರಿದ ಗರಿ ಒಂದೂ ಇಲ್ಲದ್ದನ್ನು ಕಂಡು ಶುಚಿಯಾಗಿದೆಯೆಂದು ನಾನು ಹಿಗ್ಗಿದ್ದೆ. ಒಂದು ಮಧ್ಯಾಹ್ನ ಮೇವಿನ ತೊಟ್ಟಿಗೆ ತಲೆ ಹಾಕಿದ್ದ ಕೋಳಿಯ ಹಿಂದೆ ಇನ್ನೊಂದು ಬಂದು, ಬಾಲದ ಬುಡದ ಗರಿಯೊಂದನ್ನು ತಿರುಚಿ ಕಿತ್ತು ನುಂಗಿದ್ದನ್ನು ನೋಡಿದ ಮೇಲೆ ಆ ಶುಚಿತನದ ಅರ್ಥ ತಿಳಿಯಿತು.

ಹೆಪ್ಪುಗಟ್ಟಿದ್ದನ್ನು ತೆಗೆದು ಒಣ ಹೊಟ್ಟು ಹರಡಿ, ಸಂಜೆ ಅದರ ಮೇಲೆ ಒಂದೆರಡು ಬೊಗಸೆ ರಾಗಿ ಚೆಲ್ಲತೊಡಗಿದೆವು. ಕುಕ್ಕಲೆಂದು ಹಿಪ್ಪುನೇರಳೆ ಸೊಪ್ಪಿನ ಕಡ್ಡಿಗಳನ್ನು ಕಟ್ಟು ಮಾಡಿ ಕೋಳಿಯ ತಲೆ ಎಟುಕುವಷ್ಟು ಎತ್ತರಕ್ಕೆ ತೂಗುಬಿಟ್ಟೆವು. (ರೇಷ್ಮೆ ಹುಳು ತಿಂದುಳಿದ ಸೊಪ್ಪು ಬೇಡ, ಅದರ ಮೇಲೆ ಸುಣ್ಣ, ಔಷಧಿ ಪುಡಿ ಬಿದ್ದಿರುತ್ತದೆ. ನೇರ ತೋಟದಿಂದ ತನ್ನಿ.) ‘ಕೋಳಿಗೂ ಬೇಜಾರಾಗುತ್ತೇನಣ್ಣ?’ ಎಂದು ಪಕ್ಕದ ತೋಟದ ಹುಡುಗ ನಕ್ಕ. ನಗಲಿ.

ಮೇವಿನಲ್ಲಿಯೂ ನನ್ನ ತಪ್ಪಿತ್ತು. ಖರ್ಚು ಉಳಿಸಲು ಕಡಲೆಕಾಯಿ ಹಿಂಡಿ ಹೆಚ್ಚಿಸಿದ್ದೆ. ಅದರಲ್ಲಿ ಮೆಥಿಯೋನಿನ್ ಕಡಿಮೆ. ಗರಿ ಬೆಳೆಯಲು ಬೇಕಾದ ಗಂಧಕಯುಕ್ತ ಅಮೈನೋ ಆಮ್ಲ ಅದೇ ಆದ್ದರಿಂದ, ಅದರ ಕೊರತೆಯಾದ ಕೋಳಿಗಳಲ್ಲಿ ಈ ಚಾಳಿ ಹೆಚ್ಚುತ್ತದೆ. ಮೊಟ್ಟೆಗೂಡುಗಳಿಗೆ ಗೋಣಿಚೀಲದ ಪರದೆ ಕಟ್ಟಿದ್ದು ಇನ್ನೊಂದು ಕಾರಣಕ್ಕೆ: ಮೊಟ್ಟೆಯಿಟ್ಟ ಕ್ಷಣದಲ್ಲಿ ಹೊರಬರುವ ಗುದದ್ವಾರದ ಕೆಂಪು ಬಣ್ಣ ಬೆಳಕಿನಲ್ಲಿ ಕಂಡರೆ ಉಳಿದವು ಅಲ್ಲಿಗೇ ಕುಕ್ಕುತ್ತವೆ, ಕರುಳು ಹೊರಬಂದು ಕೋಳಿ ಸಾಯುವುದೂ ಉಂಟು.

ಮರಿಯಾಗಿದ್ದಾಗಲೇ ಹ್ಯಾಚರಿಯಲ್ಲಿ ಕೊಕ್ಕಿನ ತುದಿ ತೆಗೆದರೆ ಗಾಯ ಕಡಿಮೆಯಾಗುವುದು ನಿಜ, ಸಾವಿರಾರು ಕೋಳಿ ಇಟ್ಟವರ ಕಷ್ಟವೂ ನನಗೆ ಗೊತ್ತು. ಆದರೆ ಕೊಕ್ಕಿನ ತುದಿಯಲ್ಲಿ ನರಗಳಿವೆ. ಬೆಳೆದ ಕೋಳಿಯ ಕೊಕ್ಕನ್ನು ಬಿಸಿ ಬ್ಲೇಡಿನಿಂದ ಕತ್ತರಿಸಿದರೆ ನೋವು ಬಹಳ ಕಾಲ ಉಳಿಯಬಹುದು, ಕುಕ್ಕುವ ಕಾರಣವಂತೂ ಹಾಗೆಯೇ ಇರುತ್ತದೆ.

ನಮ್ಮಲ್ಲಿ ಚಾಳಿ ಪೂರ್ತಿ ನಿಂತಿಲ್ಲ, ಒಂದರಿಂದ ಒಂದು ಕಲಿತುಬಿಟ್ಟಿವೆ. ಬೆನ್ನು ಬೋಳಾದ ಹನ್ನೆರಡನ್ನು ಬಲೆ ಕಟ್ಟಿ ಬೇರೆ ಇಟ್ಟಿದ್ದೇನೆ. ಹೊಸ ಗರಿಯ ಮೊಳಕೆಯಲ್ಲಿ ರಕ್ತವಿರುತ್ತದೆ, ಕಿತ್ತರೆ ರಕ್ತ ಸೋರಿ ಉಳಿದವು ಮತ್ತೆ ಅಲ್ಲಿಗೇ ಕುಕ್ಕುವುದರಿಂದ ಗರಿ ಬಲಿಯುವವರೆಗೆ ಒಳಗೆ ಬಿಡುವ ಹಾಗಿಲ್ಲ.